ಗೇಟೇ ಇಲ್ಲದ ಕೆಲಸವನ್ನು ಸಿನಿಮಾ ಹೇಗೆ ತೋರಿಸಬೇಕು?

(ಆನ್‌ಲೈನ್ ಚರ್ಚೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಹಳೇ ರೀಲು

ಸಿನಿಮಾ ಕಣ್ಣು ಬಿಟ್ಟಿದ್ದೇ ಕಾರ್ಖಾನೆಯ ಗೇಟಿನ ಎದುರು. 1895ರಲ್ಲಿ ಲುಮಿಯೇರ್ ಸಹೋದರರು ಫ್ರಾನ್ಸಿನ ಲಿಯಾನ್ ನಗರದಲ್ಲಿ ತಮ್ಮದೇ ಕಾರ್ಖಾನೆಯ ಮುಂದೆ ಕ್ಯಾಮೆರಾ ನಿಲ್ಲಿಸಿ, ಹೊರಬರುತ್ತಿದ್ದ ಕೆಲಸಗಾರರನ್ನು ಚಿತ್ರೀಕರಿಸಿದರು. ಒಂದು ನಿಮಿಷವೂ ಇಲ್ಲದ ಚಿತ್ರ. ಬಹುಪಾಲು ಹೆಂಗಸರು, ನಡುವೆ ಒಂದು ನಾಯಿ. ಇದಕ್ಕೆ ಮೂರು ಆವೃತ್ತಿಗಳಿವೆ. ಎಂದರೆ ಆ ಜನರನ್ನು ಬೇರೆ ಬೇರೆ ದಿನ ಅದೇ ಗೇಟಿನಿಂದ ಮತ್ತೆ ಮತ್ತೆ ಹೊರಗೆ ನಡೆಸಿದ್ದಾರೆ. ಮಾಲೀಕರೇ ನಿರ್ದೇಶಕರು, ಕೂಲಿಯವರೇ ನಟರು. ಆ ನಡಿಗೆಗೆ ಓವರ್‌ಟೈಮ್ ಕೊಟ್ಟರೇ ಎಂಬುದು ನನ್ನ ಬಹುಕಾಲದ ಕುತೂಹಲ.

ಸರಿಯಾಗಿ ನೂರು ವರ್ಷಗಳ ನಂತರ, 1995ರಲ್ಲಿ, ಜರ್ಮನಿಯ ಹರೂನ್ ಫರೋಕಿ ‘ಕಾರ್ಖಾನೆಯಿಂದ ಹೊರಬರುವ ಕೆಲಸಗಾರರು’ ಎಂಬ ಅದೇ ಹೆಸರಿನಲ್ಲಿ ಇನ್ನೊಂದು ಚಿತ್ರ ಮಾಡಿದರು. ಸಿನಿಮಾ ಚರಿತ್ರೆಯಲ್ಲಿ ಕೆಲಸಗಾರರು ಕಾರ್ಖಾನೆಯಿಂದ ಹೊರಬರುವ ದೃಶ್ಯಗಳನ್ನೆಲ್ಲ ಹುಡುಕಿ ಪಕ್ಕಪಕ್ಕದಲ್ಲಿ ಜೋಡಿಸಿದರು. ಕ್ಯಾಮೆರಾ ಮೊದಲು ತಿರುಗಿದ್ದು ಕಾರ್ಖಾನೆಯ ಕಡೆಗೆ, ಆದರೆ ಆಮೇಲೆ ಅದು ಒಳಗೆ ಹೋಗಲು ಒಲ್ಲೆನೆಂದಿತು ಎಂಬುದು ಅವರು ಕಂಡ ಸತ್ಯ. ಕೆಲಸ ಬಿಟ್ಟ ಮೇಲೆಯೇ ಕಥೆ ಶುರುವಾಗುತ್ತದೆ: ಪ್ರೀತಿ, ಜಗಳ, ಕೊಲೆ ಎಲ್ಲವೂ ಗೇಟಿನ ಆಚೆ.

ಗೇಟಿನ ಒಳಗಿನದು ಕಾಣದಿದ್ದರೂ ಗೇಟಾದರೂ ಇತ್ತು. ಮುಷ್ಕರದ ಸಿನಿಮಾಗಳಿಗೆಲ್ಲ ಅದೇ ರಂಗಸ್ಥಳ. ಈ ಕಡೆ ಬಾವುಟ, ಆ ಕಡೆ ಪೊಲೀಸು, ನಡುವೆ ಕಬ್ಬಿಣದ ಸರಳು. ಈಗಿನ ಕೆಲಸಕ್ಕೆ ಗೇಟೇ ಇಲ್ಲ. ಫೋನ್ ಬಡಿದುಕೊಂಡರೆ ಕೆಲಸ, ಸುಮ್ಮನಾದರೆ ನಿರುದ್ಯೋಗ. ಇದನ್ನು ಯಾವ ಸಿನಿಮಾ ಸರಿಯಾಗಿ ಹಿಡಿದಿದೆ? ನೀವು ನೋಡಿದ್ದನ್ನು ಹೇಳಿ. ಬರಿಯ ಪಟ್ಟಿ ಬೇಡ, ಯಾವ ದೃಶ್ಯ, ಏಕೆ ಎಂದು ಬರೆಯಿರಿ.

ಬೇಸರದ ಪ್ರೇಕ್ಷಕ

ಪ್ರಶ್ನೆ ಚೆನ್ನಾಗಿದೆ. ಆದರೆ ಇಂಥ ಸಿನಿಮಾಗಳನ್ನು ನೋಡುವವರು ಯಾರು? ತಣ್ಣನೆಯ ಹಾಲ್‌ನಲ್ಲಿ ಕುಳಿತು ಬಡವನ ಕಷ್ಟಕ್ಕೆ ಒಂದೂವರೆ ಗಂಟೆ ಮರುಗಿ, ಹೊರಬಂದ ಕೂಡಲೇ ಟ್ಯಾಕ್ಸಿ ಐದು ನಿಮಿಷ ತಡವಾಯಿತೆಂದು ಚಾಲಕನ ಮೇಲೆ ಹರಿಹಾಯುವವರು. ನಾನೂ ಅವರಲ್ಲೊಬ್ಬ, ಅದಕ್ಕೇ ಹೇಳುತ್ತಿದ್ದೇನೆ.

ಜವಳಿ ಕಾರ್ಖಾನೆಯೊಂದರ ಒಳಗೆ ಚಿತ್ರೀಕರಿಸಿದ ರಾಹುಲ್ ಜೈನ್ ಅವರ ‘ಮಷೀನ್ಸ್’ (2016) ಸಾಕ್ಷ್ಯಚಿತ್ರದಲ್ಲಿ ಕೆಲಸಗಾರರು ಗುಂಪಾಗಿ ಕ್ಯಾಮೆರಾವನ್ನು ಸುತ್ತುವರಿದು ನಿರ್ದೇಶಕನನ್ನೇ ಪ್ರಶ್ನಿಸುತ್ತಾರೆ. ನಮ್ಮ ಕಷ್ಟ ಕೇಳಲು ಬಂದಿದ್ದೀರಿ, ಸರಿ, ಈಗ ನಾವೇನು ಮಾಡಬೇಕು ಹೇಳಿ ಎನ್ನುವ ಧಾಟಿ. ಉತ್ತರವಿಲ್ಲ. ಈ ಬಗೆಯ ಸಿನಿಮಾಗಳಲ್ಲಿ ನಾನು ನಂಬುವ ದೃಶ್ಯ ಅದೊಂದೇ.

ಲೇತ್ ಮೆಷೀನು

ಇಪ್ಪತ್ತೆರಡು ವರ್ಷ ಲೇತ್ ಮುಂದೆ ನಿಂತವನು ನಾನು. ಕಾರ್ಖಾನೆಯ ಹೆಸರು ಬೇಡ, ಈಗ ಅದೂ ಇಲ್ಲ. ಸಿನಿಮಾದಲ್ಲಿ ಕಾರ್ಮಿಕನೆಂದರೆ ಮೊದಲು ಅವನ ಕೈ ನೋಡುತ್ತೇನೆ. ಸ್ಪ್ಯಾನರ್ ಹಿಡಿದ ರೀತಿಯಲ್ಲೇ ಗೊತ್ತಾಗುತ್ತದೆ, ನಟ ಆ ದಿನ ಬೆಳಗ್ಗೆಯಷ್ಟೇ ಅದನ್ನು ಕೈಗೆ ತೆಗೆದುಕೊಂಡಿದ್ದಾನೆ ಎಂದು. ಹೆಚ್ಚಿನ ಚಿತ್ರಗಳು ಅಲ್ಲಿಗೇ ನನ್ನ ಪಾಲಿಗೆ ಮುಗಿಯುತ್ತವೆ.

ಮುಗಿಯದ ಒಂದು ಚಿತ್ರವಿದೆ. ಇಟಲಿಯ ಎಲಿಯೋ ಪೇತ್ರಿ 1971ರಲ್ಲಿ ಮಾಡಿದ್ದು. ಕಾರ್ಮಿಕ ವರ್ಗ ಸ್ವರ್ಗಕ್ಕೆ ಹೋಗುತ್ತದೆ ಎಂಬ ಅರ್ಥದ ಹೆಸರು. ಲುಲು ಎಂಬ ಕೆಲಸಗಾರ ತುಂಡುಗೂಲಿಯಲ್ಲಿ, ಎಂದರೆ ಮಾಡಿದ ಬಿಡಿಭಾಗದ ಲೆಕ್ಕಕ್ಕೆ ಕೂಲಿ ಸಿಗುವ ಕೆಲಸದಲ್ಲಿ, ಎಲ್ಲರಿಗಿಂತ ವೇಗ. ಮೇಲಿನವರಿಗೆ ಅವನು ಚಿನ್ನ, ಪಕ್ಕದವರಿಗೆ ಶತ್ರು. ಏಕೆಂದು ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ನಮ್ಮಲ್ಲಿಯೂ ಒಬ್ಬರು ಗಡಿಯಾರ ಹಿಡಿದು ಬರುತ್ತಿದ್ದರು. ಒಂದು ಬಿಡಿಭಾಗಕ್ಕೆ ಎಷ್ಟು ನಿಮಿಷ ಎಂದು ಬರೆದುಕೊಳ್ಳುವುದು ಅವರ ಉದ್ಯೋಗ. ಅವರು ಪಕ್ಕದಲ್ಲಿ ನಿಂತಾಗ ಅನುಭವಸ್ಥನು ಉಪಕರಣವನ್ನು ಎರಡು ಸಲ ಒರೆಸುತ್ತಾನೆ, ಅಳತೆಯನ್ನು ಮೂರು ಸಲ ನೋಡುತ್ತಾನೆ. ಹುಮ್ಮಸ್ಸಿನ ಹುಡುಗ ಮಾತ್ರ ತನ್ನ ಕೈಚಳಕ ತೋರಿಸುತ್ತಾನೆ. ಮುಂದಿನ ತಿಂಗಳಿನಿಂದ ಆ ಹುಡುಗನ ವೇಗವೇ ಇಡೀ ವರ್ಕ್‌ಶಾಪಿಗೆ ಲೆಕ್ಕ, ಬಿಡಿಭಾಗಕ್ಕೆ ಸಿಗುವ ದರ ಇಳಿಯುತ್ತದೆ. ನಾನೇ ಆ ಹುಡುಗನಾಗಿದ್ದೆ. ಮೂರು ವಾರ ನನ್ನೊಡನೆ ಯಾರೂ ಮಾತನಾಡಲಿಲ್ಲ.

ಲುಲುವಿನ ಬೆರಳು ಯಂತ್ರಕ್ಕೆ ಹೋಗುತ್ತದೆ. ಆಮೇಲೆ ಅವನು ಹೋರಾಟಗಾರನಾಗುತ್ತಾನೆ, ಕೆಲಸ ಕಳೆದುಕೊಳ್ಳುತ್ತಾನೆ. ಅವನನ್ನು ಮಹಾಪುರುಷನನ್ನಾಗಿ ಮಾಡಿಲ್ಲ. ಕೊನೆಯವರೆಗೂ ಅರ್ಧ ಹುಚ್ಚ, ಅರ್ಧ ಜಂಬಗಾರ. ಹೌದು, ಇಂಥವನೊಬ್ಬನನ್ನು ನಾನು ಬಲ್ಲೆ ಎನ್ನಿಸುತ್ತದೆ.

ಎರಡು ಚಕ್ರ

ಹಿರಿಯರು ಬರೆದದ್ದನ್ನು ಓದಿ ಖಾತೆ ತೆರೆದೆ. ನಾನು ಆಹಾರ ತಲುಪಿಸುವ ಕೆಲಸ ಮಾಡುತ್ತೇನೆ, ನಾಲ್ಕು ವರ್ಷವಾಯಿತು. ಗಡಿಯಾರ ಹಿಡಿದವರು ನಿಮ್ಮ ಪಕ್ಕದಲ್ಲಿ ಬಂದು ನಿಲ್ಲುತ್ತಿದ್ದರು ಎಂದಿರಿ. ನನ್ನವರು ಕಿಸೆಯಲ್ಲಿದ್ದಾರೆ. ನಿಮ್ಮಂತೆ ಉಪಕರಣ ಎರಡು ಸಲ ಒರೆಸಿ ಅವರನ್ನು ಯಾಮಾರಿಸಲು ಆಗುವುದಿಲ್ಲ. ಸಿಗ್ನಲ್‌ನಲ್ಲಿ ನಿಂತದ್ದೂ ಲೆಕ್ಕಕ್ಕೆ ಹೋಗುತ್ತದೆ.

ನನ್ನ ಕೆಲಸದ ಸಿನಿಮಾ ಎಂದು ಸ್ನೇಹಿತರು ಬಲವಂತವಾಗಿ ತೋರಿಸಿದ್ದು ‘ಸುಲೇಮಾನನ ಕಥೆ’ (2024), ಫ್ರೆಂಚ್ ಚಿತ್ರ. ಗಿನಿ ದೇಶದಿಂದ ಪ್ಯಾರಿಸ್‌ಗೆ ಬಂದವನು. ಕಾಗದಪತ್ರ ಇಲ್ಲ, ಹಾಗಾಗಿ ಬೇರೊಬ್ಬನ ಖಾತೆಯನ್ನು ಬಾಡಿಗೆಗೆ ಪಡೆದು ಸೈಕಲ್ ತುಳಿಯುತ್ತಾನೆ. ಆ್ಯಪ್ ನಡುನಡುವೆ ಮುಖ ತೋರಿಸು ಎನ್ನುತ್ತದೆ. ಆಗ ಖಾತೆಯ ಒಡೆಯ ಎಲ್ಲಿದ್ದಾನೋ ಅಲ್ಲಿಗೆ ಓಡಿ ಅವನ ಮುಖವನ್ನು ಫೋನಿಗೆ ಹಿಡಿಯಬೇಕು. ಆ ದೃಶ್ಯಕ್ಕೆ ನನ್ನ ಬೆನ್ನು ಬೆವರಿತು. ನನಗೆ ಕಾಗದಪತ್ರದ ತೊಂದರೆ ಇಲ್ಲ. ಆದರೂ ಮಳೆಯಲ್ಲಿ ಹೆಲ್ಮೆಟ್ ತೆಗೆದು ಫೋನಿಗೆ ಮುಖ ಕೊಟ್ಟು, ಅದು ‘ಇದು ನೀನಲ್ಲ’ ಎಂದಾಗ ಏನಾಗುತ್ತದೆಂದು ಬಲ್ಲೆ.

ಹಳೇ ರೀಲು

ಎರಡು ಚಕ್ರ ಅವರೇ, ಬಂದದ್ದು ಒಳ್ಳೆಯದಾಯಿತು. ಆ ಪಾತ್ರ ಮಾಡಿದ ಅಬೂ ಸಂಗಾರೆ ವೃತ್ತಿನಟರಲ್ಲ, ಮೆಕ್ಯಾನಿಕ್ ಕೆಲಸ ಕಲಿತವರು. ಅವರೂ ಗಿನಿಯಿಂದಲೇ ಬಂದವರು. ಕಾನ್ ಚಿತ್ರೋತ್ಸವದಲ್ಲಿ ನಟನೆಗೆ ಪ್ರಶಸ್ತಿ ಪಡೆದಾಗಲೂ ಅವರಿಗೆ ಫ್ರಾನ್ಸಿನಲ್ಲಿ ವಾಸದ ಪರವಾನಗಿ ಇರಲಿಲ್ಲ. ಅದು ಸಿಕ್ಕಿದ್ದು 2025ರ ಜನವರಿಯಲ್ಲಿ.

ಇದಕ್ಕೆ ಹಳೆಯ ಜೋಡಿ ಒಂದಿದೆ. ‘ಬೈಸಿಕಲ್ ಥೀವ್ಸ್’ (1948) ಚಿತ್ರದ ನಾಯಕ ಲಂಬೆರ್ತೋ ಮಜ್ಜೊರಾನಿ ರೋಮಿನ ನಿಜವಾದ ಕಾರ್ಖಾನೆ ಕೆಲಸಗಾರ. ಜಗತ್ತೆಲ್ಲ ಆ ಮುಖ ನೋಡಿ ಅತ್ತಿತು. ಸಿನಿಮಾ ಮುಗಿಸಿ ಹಿಂದಿರುಗಿದ ಮೇಲೆ ಕಾರ್ಖಾನೆಯ ಕೆಲಸ ಉಳಿಯಲಿಲ್ಲ. ಲೇತ್ ಮೆಷೀನು ಅವರೇ, ಆತನೂ ಲೇತ್ ಕೆಲಸದವನೇ. ಕೈ ನೋಡಿ ಹೇಳಿ.

ಲೇತ್ ಮೆಷೀನು

ನೋಡಿದ್ದೇನೆ. ಗೋಡೆಗೆ ಪೋಸ್ಟರ್ ಅಂಟಿಸುವಾಗ ಬ್ರಷ್ ಹಿಡಿದ ಕೈ ಹೊಸದು, ಅಲ್ಲಿ ಹೊಸದಾಗಿಯೇ ಇರಬೇಕು. ಸೈಕಲ್ಲನ್ನು ಹೆಗಲಿಗೆ ಏರಿಸುವಾಗ ಮಾತ್ರ ಕೈ ಹಳೆಯದು.

ಎರಡನೇ ಪಾಳಿ

ಗೇಟಿನ ಕಥೆ ಹೇಳುತ್ತಿರುವವರೆಲ್ಲ ಒಂದು ವಿಷಯ ಮರೆತಿದ್ದೀರಿ. ಗೇಟೇ ಇಲ್ಲದ ಕೆಲಸ ಹೊಸದೇನಲ್ಲ. ಮನೆಗೆಲಸಕ್ಕೆ ಎಂದಿಗೂ ಸೈರನ್ ಇರಲಿಲ್ಲ. ಶಾಂತಾಲ್ ಅಕೆರ್ಮಾನ್ ಅವರ ‘ಜೀನ್ ಡೀಲ್‌ಮನ್’ (1975) 201 ನಿಮಿಷದ ಚಿತ್ರ. ಒಬ್ಬ ಹೆಂಗಸಿನ ಮೂರು ದಿನ. ಆಲೂಗಡ್ಡೆ ಸುಲಿಯುವುದನ್ನು ಪೂರ್ತಿಯಾಗಿ ನೋಡಬೇಕು. ಬೋರ್ ಎಂದವರಿಗೆ ನನ್ನ ಉತ್ತರ: ಹೌದು, ಬೋರೇ. ನೀವು ನೋಡಿದ್ದು ಮೂರು ಗಂಟೆ ಚಿಲ್ಲರೆ.

ಮುಷ್ಕರದ ಸಿನಿಮಾ ಒಂದನ್ನೇ ಆರಿಸಿ ಎಂದರೆ ನನ್ನ ಆಯ್ಕೆ ‘ಸಾಲ್ಟ್ ಆಫ್ ದಿ ಅರ್ಥ್’ (1954). ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಸತು ಗಣಿಯ ಕಾರ್ಮಿಕರು ನಡೆಸಿದ ನಿಜವಾದ ಮುಷ್ಕರದ ಕಥೆ. ಗಣಿ ಕಾರ್ಮಿಕರು ಗೇಟಿನ ಮುಂದೆ ನಿಲ್ಲಬಾರದೆಂದು ನ್ಯಾಯಾಲಯ ಆದೇಶಿಸುತ್ತದೆ. ಆದೇಶದಲ್ಲಿರುವುದು ಕಾರ್ಮಿಕರ ಮಾತು, ಹೆಂಡತಿಯರ ಹೆಸರಿಲ್ಲ. ಸರಿ, ಹೆಂಗಸರು ಹೋಗಿ ನಿಲ್ಲುತ್ತಾರೆ. ಗಂಡಸರು ಮನೆಯಲ್ಲಿ ಮಕ್ಕಳನ್ನು ನೋಡಿಕೊಂಡು ಬಟ್ಟೆ ಒಣಹಾಕಬೇಕಾಗುತ್ತದೆ. ಮನೆಗಳಿಗೆ ಬಿಸಿನೀರು ಬೇಕೆಂದು ಹೆಂಗಸರು ಮೊದಲೇ ಕೇಳಿದ್ದರು. ಅದೇನು ಮಹಾ, ಆಮೇಲೆ ನೋಡೋಣ ಎಂದು ಸಂಘದ ಗಂಡಸರು ಅದನ್ನು ಬೇಡಿಕೆಗಳ ಪಟ್ಟಿಯಲ್ಲಿ ಕೆಳಕ್ಕೆ ತಳ್ಳಿದ್ದರು. ಬಟ್ಟೆ ಒಗೆಯಲು ನೀರು ಕಾಯಿಸುವುದಕ್ಕೆ ಸೌದೆ ಸೀಳುವ ಹೊತ್ತಿಗೆ ಅದೇ ಗಂಡಸರ ಬಾಯಲ್ಲಿ, ಇದನ್ನು ಮೊದಲೇ ಬೇಡಿಕೆಗೆ ಸೇರಿಸಬೇಕಿತ್ತು ಎಂಬ ಮಾತು. ನಾನು ಜೋರಾಗಿ ನಕ್ಕೆ. ನನ್ನ ಯಜಮಾನರು ನಗಲಿಲ್ಲ.

ಹಳೇ ರೀಲು

ಅದರ ಹಿಂದಿನ ಕಥೆಯೂ ಸಿನಿಮಾಕ್ಕಿಂತ ಕಡಿಮೆಯದಲ್ಲ. ನಿರ್ದೇಶಕ ಹರ್ಬರ್ಟ್ ಬೀಬರ್‌ಮನ್, ನೀವು ಕಮ್ಯುನಿಸ್ಟರೇ ಎಂಬ ಅಮೆರಿಕದ ಸಂಸತ್ತಿನ ಸಮಿತಿಯ ಪ್ರಶ್ನೆಗೆ ಉತ್ತರಿಸದೆ ಜೈಲಿಗೆ ಹೋದ ಹಾಲಿವುಡ್‌ನ ಹತ್ತು ಮಂದಿಯಲ್ಲಿ ಒಬ್ಬರು. ನಾಯಕಿ ರೊಸೌರಾ ರೆವುವೆಲ್ತಾಸ್ ಅವರನ್ನು ಚಿತ್ರೀಕರಣದ ನಡುವೆಯೇ ಬಂಧಿಸಿದ್ದರಿಂದ ಅವರು ಮೆಕ್ಸಿಕೊಗೆ ಮರಳಬೇಕಾಯಿತು. ನಾಯಕನ ಪಾತ್ರದಲ್ಲಿ ಇದ್ದದ್ದು ಆ ಗಣಿ ಸಂಘದ ಅಧ್ಯಕ್ಷ ಹುವಾನ್ ಚಾಕೋನ್. ಚಿತ್ರ ಸಿದ್ಧವಾದ ಮೇಲೆ ಅದನ್ನು ತೋರಿಸಲು ಪ್ರೊಜೆಕ್ಟರ್ ನಡೆಸುವವರೇ ಒಪ್ಪಲಿಲ್ಲ. ಅವರನ್ನು ತಡೆದದ್ದು ಅವರದೇ ಕಾರ್ಮಿಕ ಸಂಘ. ಇದು ಮಾತ್ರ ನನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಬೇಸರದ ಪ್ರೇಕ್ಷಕ

ನೋಡಿದಿರಾ. ಸಂಘವೇ ಕಾರ್ಮಿಕರ ಸಿನಿಮಾವನ್ನು ತಡೆಯಿತು. ಇನ್ನು ಸಿನಿಮಾದಿಂದ ಏನು ಬದಲಾದೀತು?

ಒಂದು ಟಿಕೆಟ್

ಬದಲಾಗುತ್ತದೆ. ಬೆಲ್ಜಿಯಂನ ದಾರ್ದೆನ್ ಸಹೋದರರ ‘ರೊಸೆಟ್ಟಾ’ (1999) ನೋಡಿಯೇ ಅಲ್ಲಿನ ಸರ್ಕಾರ ಯುವಜನರ ಉದ್ಯೋಗಕ್ಕೆ ಕಾನೂನು ಮಾಡಿತು. ಅದಕ್ಕೆ ರೊಸೆಟ್ಟಾ ಯೋಜನೆ ಎಂದೇ ಹೆಸರು.

ಹಳೇ ರೀಲು

ಒಂದು ಟಿಕೆಟ್ ಅವರೇ, ಹೆಸರು ಚಿತ್ರದಿಂದ ಬಂದದ್ದು ನಿಜ. ಆದರೆ ಆ ಕಾನೂನಿನ ತಯಾರಿ ಮೊದಲೇ ನಡೆದಿತ್ತೆಂದು ನಿರ್ದೇಶಕರೇ ಹೇಳಿದ್ದಾರೆ. ಸಿನಿಮಾ ಕಾನೂನು ಮಾಡಿತೆಂಬುದು ಕೇಳಲು ಹಿತ, ಅಷ್ಟೇ.

ಎರಡನೇ ಪಾಳಿ

‘ಅಂಗಾಡಿ ತೆರು’ (2010) ತಮಿಳು ಚಿತ್ರ ಬಟ್ಟೆ ಅಂಗಡಿಗಳಲ್ಲಿ ಇಡೀ ದಿನ ನಿಂತೇ ಕೆಲಸ ಮಾಡುವ ಹುಡುಗ ಹುಡುಗಿಯರ ಕಾಲಿನ ನೋವನ್ನು ತೋರಿಸಿತ್ತು. ಅಂಗಡಿ ಕೆಲಸಗಾರರಿಗೆ ಕುಳಿತುಕೊಳ್ಳುವ ಹಕ್ಕು ಕೇರಳದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಕಾನೂನಿಗೆ ಬಂತು. ಸಿನಿಮಾದಿಂದ ಬಂತೆಂದು ನಾನು ಹೇಳುವುದಿಲ್ಲ. ಕೇರಳದಲ್ಲಿ ಅದಕ್ಕಾಗಿ ವರ್ಷಗಟ್ಟಲೆ ಬೀದಿಯಲ್ಲಿ ನಿಂತವರು ಅಂಗಡಿಗಳ ಹೆಂಗಸರೇ. ಕೂರುವ ಹಕ್ಕಿಗಾಗಿ ಅಷ್ಟು ವರ್ಷ ನಿಲ್ಲಬೇಕಾಯಿತು. ಆದರೆ ಆ ಚಿತ್ರ ನೋಡಿದ ಮೇಲೆ ನಾನು ಅಂಗಡಿಗೆ ಹೋದರೆ ಕಣ್ಣು ಮೊದಲು ಸ್ಟೂಲು ಹುಡುಕುತ್ತದೆ. ಬೇಸರದ ಪ್ರೇಕ್ಷಕರೇ, ಇಷ್ಟು ಬದಲಾವಣೆ ನಿಮಗೆ ಸಾಲದಿರಬಹುದು.

ಬೇಸರದ ಪ್ರೇಕ್ಷಕ

ಸಾಲದು. ಆದರೂ ಇಲ್ಲ ಎನ್ನಲಾರೆ.

ಒಂದು ಟಿಕೆಟ್

ತಿದ್ದಿದ್ದಕ್ಕೆ ವಂದನೆಗಳು. ದಾರ್ದೆನ್ ಅವರ ಮಾತು ಬಂದದ್ದರಿಂದ ಗೇಟಿನ ಪ್ರಶ್ನೆಗೆ ನನ್ನ ಉತ್ತರ ಹೇಳುತ್ತೇನೆ. ‘ಟೂ ಡೇಸ್, ಒನ್ ನೈಟ್’ (2014). ಸಾಂಡ್ರಾ ಖಿನ್ನತೆಯಿಂದ ರಜೆ ಪಡೆದು ಹಿಂದಿರುಗುವ ಹೊತ್ತಿಗೆ ಕಂಪನಿಯವರು ಉಳಿದ ಹದಿನಾರು ಮಂದಿಯ ಮುಂದೆ ಆಯ್ಕೆ ಇಟ್ಟಿದ್ದಾರೆ: ಅವಳ ಕೆಲಸ ಉಳಿಯಬೇಕೋ, ನಿಮಗೆ ತಲಾ ಸಾವಿರ ಯೂರೋ ಬೋನಸ್ ಬೇಕೋ? ಶನಿವಾರ, ಭಾನುವಾರ ಅವಳು ಒಬ್ಬೊಬ್ಬರ ಮನೆಗೂ ಹೋಗಿ ಬೆಲ್ ಒತ್ತಿ, ನನಗೆ ಮತ ಹಾಕಿ ಎಂದು ಕೇಳಬೇಕು.

ಹಳೆಯ ಕಾಲದಲ್ಲಾದರೆ ಈ ಹದಿನಾರು ಜನ ಗೇಟಿನ ಮುಂದೆ ಒಟ್ಟಿಗೆ ನಿಂತಿರುತ್ತಿದ್ದರು. ಇಲ್ಲಿ ಒಂದು ಗೇಟು ಒಡೆದು ಹದಿನಾರು ಬಾಗಿಲುಗಳಾಗಿವೆ. ಒಂದೊಂದು ಬಾಗಿಲ ಹಿಂದೆಯೂ ಬೋನಸ್ಸಿನ ಅಗತ್ಯಕ್ಕೆ ಒಂದೊಂದು ನ್ಯಾಯವಾದ ಕಾರಣ. ಖಳನಾಯಕರೇ ಇಲ್ಲ. ಮಾಲೀಕ ಒಂದೆರಡು ದೃಶ್ಯಗಳಲ್ಲಿ ಬಂದು ಹೋಗುತ್ತಾನೆ, ಅಷ್ಟೇ. ಅವನ ಕೆಲಸವನ್ನು ಇವರೇ ಪರಸ್ಪರ ಮಾಡಿಕೊಳ್ಳುತ್ತಿದ್ದಾರೆ.

ಇನ್ನೊಂದು. ಅದೇ ನಿರ್ದೇಶಕರ ರೊಸೆಟ್ಟಾ, ಕೆಲಸಕ್ಕಾಗಿ ತನ್ನ ಒಬ್ಬನೇ ಗೆಳೆಯನ ಮೇಲೆ ದೂರು ಹೇಳಿ ಅವನ ಜಾಗ ಹಿಡಿಯುತ್ತಾಳೆ. ಹದಿನೈದು ವರ್ಷದ ನಂತರ ಸಾಂಡ್ರಾಗೂ ಅಂಥದೇ ಅವಕಾಶ ಒದಗುತ್ತದೆ: ಗುತ್ತಿಗೆಯಲ್ಲಿರುವ ಒಬ್ಬನನ್ನು ಬಿಟ್ಟು ಅವಳನ್ನು ತೆಗೆದುಕೊಳ್ಳುವ ಮಾತು. ಅವಳು ಬೇಡವೆಂದು ಹೊರಗೆ ನಡೆಯುತ್ತಾಳೆ. ಎರಡನ್ನೂ ಒಂದರ ಹಿಂದೆ ಒಂದು ನೋಡಿ.

ಎರಡು ಚಕ್ರ

ಹದಿನಾರು ಬಾಗಿಲು ಎಂದಿರಿ. ನಾನು ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಬಾಗಿಲು ನೋಡುತ್ತೇನೆ. ಅರ್ಧದಷ್ಟು ಪೂರ್ತಿ ತೆರೆಯುವುದಿಲ್ಲ, ಒಂದು ಕೈ ಹೊರಬರುತ್ತದೆ. ಕೈಗಳನ್ನು ಗುರುತಿಟ್ಟುಕೊಂಡಿದ್ದೇನೆ, ಮುಖಗಳನ್ನಲ್ಲ.

ಲೇತ್ ಮೆಷೀನು

ತಮ್ಮಾ, ಗಾಡಿ ಯಾರದು? ನಿನ್ನದೋ ಕಂಪನಿಯದೋ?

ಎರಡು ಚಕ್ರ

ನನ್ನದೇ. ಸಾಲ ಇನ್ನೂ ಹದಿನಾಲ್ಕು ಕಂತು ಇದೆ.

ಲೇತ್ ಮೆಷೀನು

ಅದನ್ನೇ ಕೇಳಬೇಕೆಂದಿದ್ದೆ. ನನ್ನ ಲೇತ್ ನನ್ನದಾಗಿರಲಿಲ್ಲ. ಕೆಟ್ಟರೆ ಫೋರ್‌ಮನ್‌ನನ್ನು ಕರೆದು ಕೈಕಟ್ಟಿ ನಿಲ್ಲುತ್ತಿದ್ದೆ, ಆ ಹೊತ್ತಿಗೂ ಸಂಬಳವಿತ್ತು. ಯಂತ್ರ ಕೆಡುವುದು ನಮಗೆ ಹಬ್ಬ. ನಿನ್ನದು ಕೆಟ್ಟರೆ?

ಎರಡು ಚಕ್ರ

ಕೆಟ್ಟರೆ ಆ ದಿನವೂ ನನ್ನದೇ, ರಿಪೇರಿಯೂ ನನ್ನದೇ, ಕಂತೂ ನನ್ನದೇ.

ಹಳೇ ರೀಲು

ಗೇಟು ಎಲ್ಲಿಗೆ ಹೋಯಿತೆಂದು ಕೇಳಿದ್ದೆ. ನಿಮ್ಮಿಬ್ಬರ ಈ ನಾಲ್ಕು ಸಾಲಿನಲ್ಲಿ ಸಿಕ್ಕಿಬಿಟ್ಟಿತು. ‘ಬೈಸಿಕಲ್ ಥೀವ್ಸ್’ನಲ್ಲಿ ಕೆಲಸ ಸಿಗಬೇಕಾದರೆ ಸೈಕಲ್ ಇರಲೇಬೇಕು ಎನ್ನುತ್ತಾರೆ. ಸೈಕಲ್ ಅಡವಿನ ಅಂಗಡಿಯಲ್ಲಿದೆ. ಹೆಂಡತಿ ಮಂಚದ ಮೇಲಿನ ಹೊದಿಕೆಗಳನ್ನೆಲ್ಲ ಎಳೆದು ಒಯ್ದು ಅಡವಿಟ್ಟು ಸೈಕಲ್ ಬಿಡಿಸುತ್ತಾಳೆ. ಎಪ್ಪತ್ತೊಂದು ವರ್ಷದ ನಂತರ ಬ್ರಿಟನ್ನಿನ ಕೆನ್ ಲೋಚ್ ಅವರ ‘ಸಾರಿ ವಿ ಮಿಸ್ಡ್ ಯೂ’ (2019) ಚಿತ್ರದಲ್ಲಿ ಅದೇ ದೃಶ್ಯ ವೇಷ ಬದಲಿಸಿ ಬರುತ್ತದೆ. ಪಾರ್ಸೆಲ್ ತಲುಪಿಸುವ ಕೆಲಸಕ್ಕೆ ರಿಕ್ಕಿಗೆ ವ್ಯಾನ್ ಬೇಕು. ಮುಂಗಡಕ್ಕಾಗಿ ಹೆಂಡತಿ ಆ್ಯಬಿಯ ಕಾರು ಮಾರುತ್ತಾರೆ. ಅವಳದು ವೃದ್ಧರ, ರೋಗಿಗಳ ಮನೆಮನೆಗೆ ಹೋಗಿ ಆರೈಕೆ ಮಾಡುವ ಕೆಲಸ. ಕಾರು ಹೋದ ಮೇಲೆ ಬಸ್ಸಿಗೆ ಕಾಯಬೇಕು, ಕಾದ ಹೊತ್ತಿಗೆ ಕೂಲಿ ಇಲ್ಲ. ನೀನು ನಮ್ಮ ನೌಕರನಲ್ಲ, ನಿನಗೆ ನೀನೇ ಯಜಮಾನ ಎಂದು ಮೊದಲ ದಿನವೇ ರಿಕ್ಕಿಗೆ ಹೇಳಿರುತ್ತಾರೆ. ದರೋಡೆಕೋರರು ಅವನನ್ನು ಬಡಿದು ಸ್ಕ್ಯಾನರ್ ಒಡೆದು ಹಾಕಿದಾಗ ಅದರ ಬೆಲೆಯನ್ನೂ ಅವನಿಂದಲೇ ಕೇಳುತ್ತಾರೆ. ಯಜಮಾನನಲ್ಲವೇ, ಕೊಡಬೇಕು.

ಉಪಕರಣ ಕೆಲಸಗಾರನ ಕೈಗೆ ಬಂದರೆ ಬಿಡುಗಡೆ ಎಂದು ಒಂದು ಕಾಲದಲ್ಲಿ ಓದಿದ್ದೆವು. ಬಂತು, ಸಾಲದ ರೂಪದಲ್ಲಿ.

ಎರಡನೇ ಪಾಳಿ

ಅದಕ್ಕೆ 1975ರ ನಮ್ಮ ‘ಚೋಮನ ದುಡಿ’ಯನ್ನೂ ಸೇರಿಸಿ. ಚೋಮನ ಮಕ್ಕಳು ಕಾಫಿ ತೋಟಕ್ಕೆ ಹೋಗುವುದು ಸಂಬಳಕ್ಕಲ್ಲ, ಅಪ್ಪನ ಹಳೆಯ ಸಾಲ ತೀರಿಸಲು. ತೋಟಕ್ಕೆ ಬೇಲಿಯೇ ಬೇಕಿಲ್ಲ, ಸಾಲದ ಪುಸ್ತಕವೇ ಸಾಕು. ಚೋಮನಾಗಿದ್ದ ವಾಸುದೇವ ರಾವ್ ಅವರ ಆ ಮುಖವನ್ನು ಚಿಕ್ಕವಳಾಗಿದ್ದಾಗ ನೋಡಿ ಹೆದರಿದ್ದೆ, ಅರ್ಥವಾದದ್ದು ಎಷ್ಟೋ ವರ್ಷದ ಮೇಲೆ.

ಬಿಮಲ್ ರಾಯ್ ಅವರ ‘ದೋ ಬಿಘಾ ಜಮೀನ್’ (1953) ಕೂಡ ಹಾಗೆಯೇ. ಸಾಲಕ್ಕೆ ಮೂರು ತಿಂಗಳ ಗಡುವು, ಕಲ್ಕತ್ತೆಯಲ್ಲಿ ರಿಕ್ಷಾ ಎಳೆದು ತೀರಿಸುವ ಆಸೆ. ಅದು ಮುಗಿಯುವುದು ಕಾರ್ಖಾನೆಯ ಬೇಲಿಯ ಹೊರಗೆ. ತನ್ನದೇ ಆಗಿದ್ದ ನೆಲದ ಒಂದು ಹಿಡಿ ಮಣ್ಣನ್ನೂ ಕಾವಲುಗಾರ ಒಯ್ಯಗೊಡುವುದಿಲ್ಲ. ಲುಮಿಯೇರ್ ಚಿತ್ರದಲ್ಲಿ ಗೇಟು ತೆರೆಯಿತು, ಇದರಲ್ಲಿ ಮುಚ್ಚಿತು.

ಲೇತ್ ಮೆಷೀನು

ಲೋಚ್ ಅವರದೇ ಇನ್ನೊಂದಿದೆ, ‘ದಿ ನ್ಯಾವಿಗೇಟರ್ಸ್’ (2001). ಬ್ರಿಟನ್ನಿನ ರೈಲ್ವೆ ಖಾಸಗಿಯವರ ಕೈಗೆ ಹೋದಾಗ ಹಳಿ ದುರಸ್ತಿಯವರ ಗತಿ ಏನಾಯಿತು ಎಂಬ ಕಥೆ. ಬರೆದ ರಾಬ್ ಡಾಬರ್ ಸ್ವತಃ ರೈಲ್ವೆ ಕೆಲಸಗಾರ. ಕೆಲಸದಲ್ಲಿ ಉಸಿರಿಗೆ ಹೋದ ಆಸ್ಬೆಸ್ಟಾಸ್‌ನಿಂದ ಬಂದ ಕ್ಯಾನ್ಸರಿಗೆ ಅದೇ ವರ್ಷ ತೀರಿಕೊಂಡರು.

ಮೊದಲರ್ಧ ಪೂರ್ತಿ ನಗು, ಕೀಟಲೆ. ಕಾರ್ಖಾನೆಯಲ್ಲಿ ನಾವು ಎಷ್ಟು ನಗುತ್ತಿದ್ದೆವೆಂದು ಯಾವ ಸಿನಿಮಾವೂ ತೋರಿಸುವುದಿಲ್ಲ, ಇದು ತೋರಿಸಿತು. ಆಮೇಲೆ ಗುತ್ತಿಗೆ ಬರುತ್ತದೆ. ರೈಲು ಬರುತ್ತಿದೆ ಎಂದು ಎಚ್ಚರಿಸಲು ಒಬ್ಬ ಕಾವಲಿಗಿರಬೇಕು. ಆ ಒಬ್ಬನ ಕೂಲಿ ಉಳಿಸುತ್ತಾರೆ. ರಾತ್ರಿ ಕೆಲಸದಲ್ಲಿ ಒಬ್ಬನಿಗೆ ರೈಲು ಬಡಿಯುತ್ತದೆ. ಜೊತೆಯವರು, ಅವನ ಹಳೆಯ ಗೆಳೆಯರು, ಅವನನ್ನು ಹಳಿಯಿಂದ ಎತ್ತಿ ರಸ್ತೆ ಬದಿಗೆ ತಂದು ಕಾರು ಗುದ್ದಿತೆಂದು ಹೇಳಲು ನಿರ್ಧರಿಸುತ್ತಾರೆ. ನಿಜ ಹೇಳಿದರೆ ಮುಂದಿನ ಗುತ್ತಿಗೆ ಇಲ್ಲ. ನಾನು ಅಲ್ಲಿ ಚಿತ್ರ ನಿಲ್ಲಿಸಿ ಹೊರಗೆ ಹೋಗಿ ಬಂದೆ. ನಮ್ಮಲ್ಲಿ ಒಮ್ಮೆ ಬೆರಳು ಹೋದವನ ಪರವಾಗಿ ಸಹಿ ಹಾಕಲು ಕರೆದಾಗ ಹೋಗದವರಲ್ಲಿ ನಾನೂ ಇದ್ದೆ.

ಬೇಸರದ ಪ್ರೇಕ್ಷಕ

ನನ್ನ ಮೊದಲ ಮಾತನ್ನು ಹಿಂದೆಗೆದುಕೊಳ್ಳುವುದಿಲ್ಲ, ಆದರೆ ಒಂದು ಸೇರಿಸುತ್ತೇನೆ. ನಗುವಿನ ಮಾತು ಬಂತಲ್ಲ, ‘ಮಾಡರ್ನ್ ಟೈಮ್ಸ್’ (1936) ಬಿಡಬೇಡಿ. ಚಾಪ್ಲಿನ್ ಶೌಚಾಲಯದಲ್ಲಿ ಸಿಗರೇಟು ಹಚ್ಚಿದ ಕೂಡಲೇ ಗೋಡೆಯ ಪರದೆ ಮೇಲೆ ಮಾಲೀಕ ಕಾಣಿಸಿಕೊಂಡು ಕೆಲಸಕ್ಕೆ ನಡೆ ಎಂದು ಗದರುತ್ತಾನೆ. ಆಗ ಅದು ತಮಾಷೆ. ಎರಡು ಚಕ್ರ ಅವರ ಕಿಸೆಯ ಮಾತು ಓದಿದ ಮೇಲೆ ಅಷ್ಟು ತಮಾಷೆ ಎನಿಸುತ್ತಿಲ್ಲ.

ಒಂದು ಟಿಕೆಟ್

ನನ್ನದೊಂದು ಸಂಶಯ. ಈಗಿನ ಚಿತ್ರಗಳಲ್ಲೆಲ್ಲ ಒಬ್ಬನೇ ಒಬ್ಬ ನರಳುತ್ತಾನೆ. ಗುಂಪು ಎಲ್ಲಿ ಹೋಯಿತು? ‘ಹಾರ್ಲನ್ ಕೌಂಟಿ, ಯುಎಸ್ಎ’ (1976) ಸಾಕ್ಷ್ಯಚಿತ್ರದಲ್ಲಿ ಬಾರ್ಬರಾ ಕಾಪಲ್ ಕೆಂಟಕಿಯ ಕಲ್ಲಿದ್ದಲು ಗಣಿ ಮುಷ್ಕರದಲ್ಲಿ ಆ ಜನರ ನಡುವೆಯೇ ಬದುಕಿ ಚಿತ್ರೀಕರಿಸಿದರು. ಬೆಳಕು ಹರಿಯುವ ಮೊದಲು ಗುಂಡು ಹಾರುತ್ತದೆ, ಕ್ಯಾಮೆರಾ ಕುಸಿಯುತ್ತದೆ, ಮತ್ತೆ ಏಳುತ್ತದೆ. ಅಲ್ಲಿ ಒಬ್ಬ ನಾಯಕನನ್ನು ಹುಡುಕಿದರೂ ಸಿಗುವುದಿಲ್ಲ. ಎರಡು ಚಕ್ರ ಅವರೇ, ನಿಮ್ಮ ಕೆಲಸದಲ್ಲಿ ಗುಂಪೇ ಇಲ್ಲವೇ?

ಎರಡು ಚಕ್ರ

ಇದೆ. ಹೋಟೆಲಿನ ಹೊರಗೆ ಆರ್ಡರ್‌ಗೆ ಕಾಯುವಾಗ ಏಳೆಂಟು ಗಾಡಿ ನಿಂತಿರುತ್ತವೆ. ಬೇರೆ ಬೇರೆ ಬಣ್ಣದ ಅಂಗಿ, ಒಂದೇ ಬೈಗುಳ. ಯಾವ ಏರಿಯಾದಲ್ಲಿ ದರ ಇಳಿಸಿದರು, ಯಾರ ಐಡಿ ಮುಚ್ಚಿದರು, ಎಲ್ಲವೂ ಅಲ್ಲೇ ಗೊತ್ತಾಗುವುದು. ಒಮ್ಮೆ ನಾವೆಲ್ಲ ಸೇರಿ ಒಂದು ಸಂಜೆ ಫೋನ್ ಆಫ್ ಮಾಡಿದ್ದೆವು. ಮೂರು ಗಂಟೆ. ಯಾರಿಗೂ ಕಾಣಲಿಲ್ಲ. ಗೇಟಿದ್ದರೆ ಮುಚ್ಚಿದ್ದು ಕಾಣುತ್ತಿತ್ತು. ಸಿನಿಮಾ ಮಾಡುವವರು ಇದ್ದರೆ ಆ ಮೂರು ಗಂಟೆ ತೆಗೆಯಿರಿ. ಎಂಟು ಜನ ಗಾಡಿ ಮೇಲೆ ಕುಳಿತು ಆಫ್ ಆದ ಫೋನ್ ನೋಡುತ್ತಿರುವುದು, ಅಷ್ಟೇ.

ನೀವೆಲ್ಲ ಹೇಳಿದಿರೆಂದು ನಿನ್ನೆ ಕಾಯುವ ಹೊತ್ತಿನಲ್ಲಿ ಆ ಸೈಕಲ್ ಸಿನಿಮಾ ಹಾಕಿದ್ದೆ. ಮಳೆ ಬರುತ್ತದೆ, ಹುಡುಗ ಜಾರಿ ಬೀಳುತ್ತಾನೆ, ಅಪ್ಪ ಹಿಂದಿರುಗಿಯೂ ನೋಡುವುದಿಲ್ಲ. ಅಲ್ಲಿಗೆ ಬಂದಾಗ ಆರ್ಡರ್ ಬಂತು. ಉಳಿದದ್ದು ಈ ದಿನ ನೋಡಬೇಕು. ಸೈಕಲ್ ಸಿಗುತ್ತದೆಯೇ ಎಂದು ಮಾತ್ರ ಯಾರೂ ಹೇಳಬೇಡಿ.

ಲೇತ್ ಮೆಷೀನು

ಹೇಳುವುದಿಲ್ಲ ತಮ್ಮಾ. ಗಾಡಿಗೆ ಬೀಗ ಹಾಕಿ ನೋಡು.